ದೊಡ್ಡಮ್ಮನ ಹೊಲದ ಹೆಂಟೆ

ನಾನು ನಿಂತಿದ್ದದ್ದು ನಮ್ಮ ಹೊಲಕ್ಕೂ ದೊಡ್ಡಮ್ಮನ ಹೊಲಕ್ಕೂ ನಡುವಿನ ಬದುವಿನ ಮೇಲೆ. ಮೂರು ವರ್ಷದ ಹಿಂದೆ, ಮೇ ತಿಂಗಳ ಒಂದು ಶನಿವಾರ, ಸಂಜೆ ಐದೂವರೆ. ಮಳೆ ಜೋರಾಗಿತ್ತು. ದೊಡ್ಡಮ್ಮ ಬದುವಿನಾಚೆ ಮಂಡಿಯೂರಿದ್ದರು. ಬಲಗೈ ಮಣಿಕಟ್ಟಿನವರೆಗೂ ಮಣ್ಣಿನೊಳಗಿತ್ತು. ಹಸಿರು ಗಾಜಿನ ಬಳೆಗಳಷ್ಟೇ ಮೇಲೆ ಕಾಣುತ್ತಿದ್ದವು. ನನ್ನ ಕಾಲ ಬಳಿ ನಮ್ಮ ಹೊಲದ ಮಣ್ಣು ಕೆಂಪು ನೀರಾಗಿ ರಸ್ತೆಯ ಮೋರಿಗೆ ಹರಿಯುತ್ತಿತ್ತು.

ದೊಡ್ಡಮ್ಮ ಅನ್ನುವುದು ರೂಢಿ, ನೆಂಟಸ್ತನವಲ್ಲ. ಕೆ.ಆರ್. ಪುರದಾಚೆ ನಮ್ಮ ಹಳೆಯ ಊರಿನಲ್ಲಿ ಉಳಿದಿದ್ದ ನಾಲ್ಕು ಸೊಪ್ಪಿನ ಹೊಲಗಳಲ್ಲಿ ನಮ್ಮ ಪಕ್ಕದ್ದು ಅವರದು. ನಮ್ಮ ಅರ್ಧ ಎಕರೆಯಲ್ಲಿ ಎರಡು ಸಲ ಕೊತ್ತಂಬರಿ ಮೊಳೆತು ಸತ್ತಿತ್ತು. ಮೂರನೆಯದೂ ಹೋದರೆ ಕಾಂಕ್ರೀಟ್ ಹಾಕಿಸಿ ಲಾರಿ ನಿಲ್ಲಿಸಲು ಬಾಡಿಗೆಗೆ ಕೊಡುವುದೆಂದು ಅಣ್ಣ ಹೇಳಿಬಿಟ್ಟಿದ್ದ.

ಬೀಜ ಕೇಳಲು ಹೋದವರಿಗೆ ದೊಡ್ಡಮ್ಮ ಮೊದಲು ಅವರವರ ಹೊಲದ ಒಂದು ಒಣ ಮಣ್ಣಿನ ಹೆಂಟೆ ತರಲು ಹೇಳುತ್ತಿದ್ದರು. ಎರಡು ಗಾಜಿನ ಲೋಟಗಳಲ್ಲಿ ನೀರು. ಒಂದರಲ್ಲಿ ಬಂದವರ ಹೆಂಟೆ, ಇನ್ನೊಂದರಲ್ಲಿ ತಮ್ಮದು. ನಾನು ಹೋದ ದಿನ, ಕಾಫಿ ಕುಡಿದು ಮುಗಿಸುವುದರೊಳಗೆ ನನ್ನದು ಕರಗಿ ತಳ ಸೇರಿತು. ಅವರದು ಹಾಗೇ ಇತ್ತು.

"ಟ್ರಾಕ್ಟರ್ ಹೊಡ್ಸಿ ಹೊಡ್ಸಿ ಹೊಲಾನ ಹಿಟ್ಟು ಮಾಡಿಟ್ಟಿದ್ದೀಯಲ್ಲೋ. ಮುದ್ದೆ ಕಟ್ಟಕ್ಕಾ?"

ಶಿವಾಜಿನಗರಕ್ಕೆ ಸೊಪ್ಪು ಹಾಕಿ ಬರುವಾಗ ಅವರು ಬೆನ್ಸನ್ ಟೌನಿನ ಬೀದಿ ಗುಡಿಸುವವರಿಂದ ಒಣ ಎಲೆಯ ಚೀಲಗಳನ್ನು ಕೇಳಿ ತರುತ್ತಿದ್ದರು. ಆ ವಾರದ ಚೀಲಗಳನ್ನೂ ಒಂದಿಷ್ಟು ರಾಗಿ ಹುಲ್ಲನ್ನೂ ನಮ್ಮ ನೆಲದ ಮೇಲೆ ತಾವೇ ಹರಡಿ, ಉಳದೆ ಸಾಲಿನಲ್ಲಿ ಬೀಜ ಊರಲು ಹೇಳಿಹೋದರು.

ಆ ಶನಿವಾರ ಅಣ್ಣನ ಬೀಗರು ಬರುವವರಿದ್ದರು. ಹೊಲ ಅಂಗಳದಂತೆ ಚೊಕ್ಕಟವಾಗಿರಬೇಕೆಂಬುದು ನಮ್ಮ ಮನೆಯ ಹೆಮ್ಮೆ. ಬೆಳಿಗ್ಗೆ ನಾನು ಅಷ್ಟನ್ನೂ ಗುಡಿಸಿ, ಮೂಲೆಯಲ್ಲಿ ಒಟ್ಟಿ, ಬೆಂಕಿ ಹಚ್ಚಿದೆ. ಸಂಜೆ ಮಳೆ ಬಂತು.

ದೊಡ್ಡಮ್ಮ ಕೈ ಹೊರತೆಗೆದರು. ಹುಲ್ಲಿನಡಿಯ ಅವರ ಮಣ್ಣು ನೀರು ಕುಡಿದು ಅಲ್ಲೇ ಇತ್ತು. ಮಾಡಿದ್ದನ್ನು ಹೇಳಿದೆ. ಅವರು ಬೈಯಲಿಲ್ಲ.

"ನಾನೂ ಹತ್ತು ವರ್ಷ ಸುಟ್ಟಿದ್ದೀನಿ. ನಂಗೆ ಹೇಳೋರು ಯಾರೂ ಇರ್ಲಿಲ್ಲ. ನಡಿ, ಇಳಿಜಾರಿಗೆ ಅಡ್ಡ ಬದು ಹಾಕಣ. ಇರೋದಾದ್ರೂ ಉಳೀಲಿ."

ಮಳೆಯಲ್ಲೇ ಇಬ್ಬರೂ ಗುದ್ದಲಿ ಹಿಡಿದೆವು. ಮರುದಿನ ದೊಡ್ಡಮ್ಮ ಉಳಿದ ಹೊಲದವರನ್ನು ಮೋರಿಯ ಬಳಿಗೆ ಕರೆದು, ಅಲ್ಲಿ ಗುಡ್ಡೆಬಿದ್ದಿದ್ದ ನನ್ನ ಮಣ್ಣನ್ನು ತೋರಿಸಿ, ಏನಾಯಿತೆಂದು ನನ್ನ ಬಾಯಿಂದಲೇ ಹೇಳಿಸಿದರು. ನಾಚಿಕೆಯಾಯಿತು. ಹೇಳಿದೆ. ಅವರು ಹೇಳಿದ್ದರೆ ಉಪದೇಶವಾಗುತ್ತಿತ್ತೆಂದು ಆಮೇಲೆ ಹೊಳೆಯಿತು.

ಮತ್ತೆ ಎಲೆ ಹರಡಿ ಬಿತ್ತಿದ ಕೊತ್ತಂಬರಿ ಅರ್ಧ ಹೊಲದಷ್ಟೇ ಬಂತು. ಅಣ್ಣ ಬದುವಿನುದ್ದಕ್ಕೂ ನಡೆದು ನೋಡಿ, ಕಾಂಕ್ರೀಟಿನ ಮಾತೆತ್ತದೆ, ಮನೆಗೆಂದು ಎರಡು ಕಟ್ಟು ಕಿತ್ತುಕೊಂಡು ಹೋದ. ಈಗ ಹೊಲ ತುಂಬ ಬರುತ್ತದೆ.

ದೊಡ್ಡಮ್ಮ ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಆ ಭಾನುವಾರ ಮೋರಿಯ ಬಳಿ ನಿಂತು ನೋಡಿದವರಲ್ಲಿ ನನ್ನ ಹೊರತು ಇನ್ನಿಬ್ಬರು ಈಗಲೂ ಇಲ್ಲೇ ಇದ್ದಾರೆ: ಅವರ ಹೊಲವನ್ನು ಈಗ ಮಾಡುತ್ತಿರುವ ಸೊಸೆ ರತ್ನಮ್ಮ, ಮತ್ತು ಕೆರೆ ಪಕ್ಕದ ಹೊಲದ ಮುನಿಯಪ್ಪಣ್ಣ. ಅವರು ಅಂದಿನಿಂದ ಒಂದು ಕಡ್ಡಿಯನ್ನೂ ಸುಟ್ಟಿಲ್ಲ.