ಮಿಕ್ಕಿದ ನಾನೂರ ನಲವತ್ತು ಲೈಕು

ಚೀಲ ಮಾರುವವನ ಅಂಗಡಿ ಪಕ್ಕದಲ್ಲಿ ಚೀಲ ರಿಪೇರಿ ಮಾಡುವವರು ಕೂರಬಾರದು. ಆದರೆ ನಾನು ಇಲ್ಲಿ ಅಂಗಡಿ ಹಾಕುವ ಎರಡು ವರ್ಷ ಮೊದಲೇ ಜಿಪ್ಪಕ್ಕ ಬಂದು ಪಕ್ಕದ ಮೆಟ್ಟಿಲ ಕೆಳಗೆ ಕೂತಾಗಿತ್ತು. ಆಕೆಯನ್ನು ಎಬ್ಬಿಸುವ ಹಕ್ಕು ನನಗಿರಲಿಲ್ಲ, ಧೈರ್ಯವಂತೂ ಇಲ್ಲವೇ ಇಲ್ಲ. ಗಿರಾಕಿ ಹೊಸ ಸೂಟ್‌ಕೇಸಿನ ಬೆಲೆ ಕೇಳಿ, "ಒಂದು ನಿಮಿಷ, ಬಂದೆ" ಅಂತ ಹೊರಗೆ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಧಡ್ ಧಡ್ ಎಂದು ಮೆಷಿನ್ ಸದ್ದು ಕೇಳುತ್ತದೆ. ಹಳೆಯದಕ್ಕೆ ಇನ್ನೆರಡು ವರ್ಷ ಆಯಸ್ಸು ಬಂತು ಅಂತ ಅರ್ಥ. ಹದಿನೇಳು ವರ್ಷದಿಂದ ಈ ಸದ್ದು ಕೇಳುತ್ತಿದ್ದೇನೆ.

ಆಕೆಗೆ ಈಗ ಐವತ್ತೊಂದು. ಮೂಗಿನ ತುದಿಗೆ ಜಾರಿದ ಕನ್ನಡಕ, ಅದರ ಒಂದು ಕಿವಿಗೆ ಮೇಣದ ದಾರದ ಕಟ್ಟು. ತೊಡೆ ಮೇಲೆ ಸದಾ ಒಂದು ತೊಗಲಿನ ತುಂಡು. ಬಲಗಡೆ ಹಳೇ ಮಾತ್ರೆ ಡಬ್ಬಿಗಳ ಸಾಲು. ಜಿಪ್ಪಿನ ಹಲ್ಲಿನ ಮೇಲೆ ಓಡಾಡುವ ಪುಟ್ಟ ಲೋಹದ ತುಂಡಿಗೆ ರನ್ನರ್ ಅಂತಾರಲ್ಲ, ಜನ ಎಸೆದ ಚೀಲಗಳಿಂದ ಬಿಚ್ಚಿದ ಅಂಥ ರನ್ನರ್‌ಗಳು ಅಳತೆ ಪ್ರಕಾರ ಆ ಡಬ್ಬಿಗಳಲ್ಲಿ ಮಲಗಿರುತ್ತವೆ. ನಾಲ್ಕು ಬೆರಳುದ್ದ ದಾರ ಮಿಕ್ಕಿದರೂ ಸುತ್ತಿಡುತ್ತಾಳೆ. ಒಮ್ಮೆ ನನ್ನ ಅಂಗಡಿಯ ಕಸದ ಬುಟ್ಟಿಯಿಂದ ಸೂಟ್‌ಕೇಸಿನ ಮುರಿದ ಹಿಡಿ ಎತ್ತಿಕೊಂಡು ಹೋಗಿ, ಮೂರು ವಾರದ ನಂತರ ಅದನ್ನೇ ನನ್ನ ಇನ್ನೊಂದು ಸೂಟ್‌ಕೇಸಿಗೆ ಹಾಕಿಕೊಟ್ಟು ನನ್ನಿಂದಲೇ ಮಜೂರಿ ತಗೊಂಡಳು.

ಬಾಯಿ ಮಾತ್ರ ಸೂಜಿಗಿಂತ ಚೂಪು. ಒಂದು ದಿನ ಒಬ್ಬರು ಬಂದು, "ಅಕ್ಕಾ, ಪೂರ್ತಿ ಹೊಸ ಜಿಪ್ಪೇ ಹಾಕಿಬಿಡಿ" ಅಂದರು.

"ಯಾಕೆ, ದುಡ್ಡು ಜಾಸ್ತಿ ಆಗಿದ್ಯಾ? ರನ್ನರ್ ಸವೆದಿದೆ ಅಷ್ಟೇ. ಇದರ ಹಲ್ಲು ನಿಮ್ಮ ಹಲ್ಲಿಗಿಂತ ಗಟ್ಟಿಯಾಗಿದೆ."

ಅವರು ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೂ ಬರುವುದು ಬಿಡಲಿಲ್ಲ.

ಇಂಥ ಜಿಪ್ಪಕ್ಕನ ಬುಡಕ್ಕೇ ನೀರು ಬಂದದ್ದು ಕಟ್ಟಡದ ಯಜಮಾನರು ಲಿಫ್ಟ್ ಹಾಕಿಸುತ್ತೇನೆ ಅಂದ ದಿನ. ಮೆಟ್ಟಿಲ ಕೆಳಗಿನ ಜಾಗ ತಿಂಗಳ ಕೊನೆಗೆ ಖಾಲಿಯಾಗಬೇಕು. ಕೈಕೆಲಸವನ್ನು ಎಲ್ಲಾದರೂ ಕೂತು ಮಾಡಬಹುದು, ಆದರೆ ದಪ್ಪ ತೊಗಲು ಹೊಲಿಯುವ ಆ ಕಬ್ಬಿಣದ ಮೆಷಿನ್ನು ಇಬ್ಬರು ಆಳಿನ ತೂಕದ್ದು. ಆಕೆಯ ಮನೆ ಮೂರನೇ ಮಹಡಿ. ಒಮ್ಮೆ ಒಂದು ವಾರ ಅಲ್ಲಿಟ್ಟು ನೋಡಿದ್ದಳು. ಕೆಳಗಿನ ಮನೆಯವರು ಪೊರಕೆ ಹಿಡಿದುಕೊಂಡೇ ಮೇಲೆ ಬಂದಿದ್ದರು. ಮೆಷಿನ್ನಿಗೆ ಜಾಗ ಇಲ್ಲ ಅಂದರೆ ಕಸುಬೇ ಇಲ್ಲ. ಗಂಡ ಲಾರಿ ಓಡಿಸುವವರು, ಹೋದರೆ ಹದಿನೈದು ದಿನ. ಫೋನ್ ಮಾಡಿ ಹೇಳಿದ್ದಕ್ಕೆ, "ನೀನೇ ನೋಡಿ ಮಾಡು" ಅಂದರಂತೆ.

"ಇಪ್ಪತ್ತಾರು ವರ್ಷದಿಂದ ಇದೊಂದೇ ಮಾತು ಸಾಹುಕಾರ್ರೇ," ಅಂದಳು ನನಗೆ. "ರೆಕಾರ್ಡ್ ಮಾಡಿಟ್ಟುಕೊಂಡಿದ್ರೆ ಫೋನ್ ಖರ್ಚಾದ್ರೂ ಉಳೀತಿತ್ತು."

ನಮ್ಮ ಎದುರಿಗೆ ಆರು ಬ್ಲಾಕಿನ ದೊಡ್ಡ ವಸತಿ, ಇನ್ನೂರ ಹನ್ನೆರಡು ಮನೆ. ಗೇಟಿನ ಪಕ್ಕ ಹಿಂದೆ ಕಾವಲುಗಾರನಿಗೆ ಅಂತ ಕಟ್ಟಿದ್ದ ಒಂದು ಕೋಣೆ ಖಾಲಿ ಬಿದ್ದಿತ್ತು. ಅದನ್ನು ನಿವಾಸಿಗಳಿಗೆ ಉಪಯೋಗಕ್ಕೆ ಬರುವ ಒಬ್ಬ ಕಸುಬುದಾರರಿಗೆ ಸಣ್ಣ ಬಾಡಿಗೆಗೆ ಕೊಡೋಣ ಅಂತ ಅವರ ಸಂಘ ತೀರ್ಮಾನಿಸಿತು. ಅರ್ಜಿ ಹಾಕಿದ್ದು ಇಬ್ಬರೇ. ಒಬ್ಬಳು ಜಿಪ್ಪಕ್ಕ. ಇನ್ನೊಬ್ಬ ಫೋನ್ ರಿಪೇರಿಯ ತರುಣ, ಒಡೆದ ಗಾಜು ಬದಲಿಸುವವನು ಅಂತ ಆಕೆ 'ಗಾಜಿನ ಹುಡುಗ' ಎಂದು ಕರೆಯುತ್ತಿದ್ದವನು, ಬಸ್ ನಿಲ್ದಾಣದ ಹತ್ತಿರ ಮೇಜು ಹಾಕಿಕೊಂಡು ಕೂರುತ್ತಿದ್ದ. ಸಂಘದ ಕಾರ್ಯದರ್ಶಿ ನಿವೃತ್ತ ಹೆಡ್ ನರ್ಸ್. ಹಿಂದೆ ವಾರ್ಡನ್ನು ಆಳಿದಂತೆ ಈಗ ಆರು ಬ್ಲಾಕುಗಳನ್ನು ಆಳುತ್ತಿದ್ದರು. ಅವರು ವಸತಿಯ ಫೇಸ್‌ಬುಕ್ ಪುಟದಲ್ಲಿ ಇಬ್ಬರ ಫೋಟೋ ಹಾಕಿ, "ಒಂದು ಲೈಕು, ಒಂದು ವೋಟು. ಭಾನುವಾರದವರೆಗೆ ಸಮಯ" ಅಂತ ಬರೆದರು. ಪುಟ ಯಾರು ಬೇಕಾದರೂ ನೋಡಿ ಒತ್ತುವಂಥದ್ದು. ಅದು ಅವರ ತಲೆಗೆ ಹೊಳೆಯಲಿಲ್ಲ.

ಗುರುವಾರದ ಹೊತ್ತಿಗೆ ಗಾಜಿನ ಹುಡುಗನಿಗೆ ಅರವತ್ತನಾಲ್ಕು, ಜಿಪ್ಪಕ್ಕನಿಗೆ ಮೂವತ್ತೊಂದು. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಸದಾ ಫೋನು ಹಿಡಿದವರು ಫೋನಿನವನಿಗೇ ಒತ್ತುತ್ತಾರೆ. ಹರಿದ ಚೀಲ ಹಿಡಿದು ಬರುವ ಮನೆಗೆಲಸದವರು, ಅಜ್ಜಿಯಂದಿರು, ಶಾಲೆ ಮಕ್ಕಳ ತಾಯಂದಿರು ಆ ಪುಟದ ಕಡೆ ತಲೆ ಹಾಕುವವರಲ್ಲ.

ಶುಕ್ರವಾರ ಬೆಳಿಗ್ಗೆ ಆಕೆಯ ಮೈದುನ ಬಂದ. ಮೊಬೈಲ್ ರೀಚಾರ್ಜ್ ಅಂಗಡಿಯವನು, ಎಲ್ಲಕ್ಕೂ ಒಂದು ದಾರಿ ಗೊತ್ತಿರುವ ಜಾತಿ.

"ಅತ್ತಿಗೆ, ವೋಟು ಕೊಂಡುಕೊಳ್ಳಬಹುದು. ಬರೀ ಫೋನಲ್ಲಿ ಆರ್ಡರ್ ಹಾಕಿದ್ರಾಯ್ತು."

"ಯಾರು ಒತ್ತೋದು?"

"ಯಾರೂ ಇಲ್ಲ. ಮೆಷಿನ್ನೇ ಒತ್ತುತ್ತೆ."

"ಮೆಷಿನ್ ಹಾಕಿದ್ದು ಬಿಚ್ಚಿಕೊಳ್ಳಲ್ಲ ತಾನೇ?"

"ಗ್ಯಾರಂಟಿ ಇದೆ ಅತ್ತಿಗೆ, ಮೂವತ್ತು ದಿನ."

"ಮೂವತ್ತು ದಿನ ಗ್ಯಾರಂಟಿ ಕೊಟ್ಟು ನಾನು ಜಿಪ್ ಹಾಕಿದ್ರೆ ಜನ ಹೊಡೀತಾರೆ." ಕನ್ನಡಕ ಮೇಲಕ್ಕೆ ತಳ್ಳಿ ನನ್ನ ಕಡೆ ತಿರುಗಿದಳು. "ನೀವೇನಂತೀರಿ ಸಾಹುಕಾರ್ರೇ?"

ಊರು ಹೆಸರು ಇಲ್ಲದ ಸರಕನ್ನು ನಾನು ಕೊಳ್ಳುವುದಿಲ್ಲ ಅಂದೆ. ಅದು ಸುಳ್ಳು. ನನ್ನ ಅಂಗಡಿಯ ಅರ್ಧ ಸರಕಿಗೆ ಊರೂ ಇಲ್ಲ, ಹೆಸರೂ ಇಲ್ಲ. ಆಕೆಗೂ ಅದು ಗೊತ್ತು, ಹಾಗಾಗಿ ನನ್ನ ಮಾತಿಗೆ ಬೆಲೆ ಸಿಗಲಿಲ್ಲ.

ಆಕೆಗೆ ಬೇಕಾಗಿದ್ದು ಐವತ್ತೋ ಅರವತ್ತೋ. ಆದರೆ ವೋಟು ಚಿಲ್ಲರೆಯಲ್ಲಿ ಸಿಗುವುದಿಲ್ಲವಂತೆ, ಕನಿಷ್ಠ ಐನೂರರ ಕಟ್ಟು. ಇನ್ನೂರ ಹನ್ನೆರಡು ಮನೆಯ ವಸತಿಯಲ್ಲಿ ಐನೂರು ವೋಟು! ನಾನೇನೋ ನಕ್ಕುಬಿಟ್ಟೆ. ಆಕೆ ನಗಲಿಲ್ಲ.

"ಅರವತ್ತು ಸಾಕು. ಉಳಿದಿದ್ದು ಇಟ್ಟುಕೊಳ್ಳೋಕಾಗಲ್ವಾ?"

"ಇಟ್ಟುಕೊಳ್ಳೋಕೆ ಅದೇನು ಬಟ್ಟೆ ತುಂಡಾ ಅತ್ತಿಗೆ? ಇವತ್ತೇ ಖರ್ಚಾಗಬೇಕು. ಬೇಕಾದ್ರೆ ಐದು ಕಡೆ ಹಂಚಬಹುದು. ಇಲ್ಲಾ ಬಿಟ್ಟುಬಿಡಿ, ಹೋದ್ರೆ ಹೋಗ್ಲಿ."

ಹೋದರೆ ಹೋಗಲಿ! ನಾಲ್ಕು ಬೆರಳು ದಾರ ಎಸೆಯದವಳು ನಾನೂರ ನಲವತ್ತು ಲೈಕು ಎಸೆಯುತ್ತಾಳೆಯೇ? ಮೈದುನನ ಫೋನು ಕಸಿದುಕೊಂಡು ವಸತಿಯ ಪುಟವನ್ನು ಮೇಲಿಂದ ಕೆಳಗೆ ಉಜ್ಜುತ್ತಾ ಹೋದಳು. ಕಾರ್ಯದರ್ಶಿ ಮೇಡಂ ತಮ್ಮ ಬಾಲ್ಕನಿಯ ಗುಲಾಬಿಯ ಫೋಟೋ ಹಾಕಿದ್ದರು, ಆರು ಲೈಕು. "ಪಾಪ, ಅಷ್ಟು ನೀರು ಹಾಕ್ತಾರೆ. ಇವರಿಗೊಂದು ನೂರ ನಲವತ್ತು ಹಾಕು." ಯಾರದ್ದೋ ಬೂದು ಬೆಕ್ಕು ಕಳೆದುಹೋದ ಪ್ರಕಟಣೆ, ಮೂರು ಲೈಕು. "ಇದಕ್ಕೆ ನೂರ ಹತ್ತು." ಮೂರನೇ ಬ್ಲಾಕಿನ ನಿವೃತ್ತ ಪೋಸ್ಟ್‌ಮ್ಯಾನ್ ದಿನಾ ಬೆಳಿಗ್ಗೆ ತಾರಸಿಯಿಂದ ಆಕಾಶದ ಫೋಟೋ ತೆಗೆದು ಹಾಕುತ್ತಿದ್ದರು. ಎರಡು ಲೈಕು ಬರುತ್ತಿತ್ತು, ಒಂದು ಅವರದ್ದೇ. "ತಾತನಿಗೆ ನೂರ ಎಪ್ಪತ್ತು."

"ಇನ್ನೂ ಇಪ್ಪತ್ತು ಮಿಕ್ಕಿದೆ ಅತ್ತಿಗೆ."

"ಆ ಗಾಜಿನ ಹುಡುಗನಿಗೇ ಹಾಕು."

ಮೈದುನನ ಬಾಯಿ ತೆರೆದೇ ಇತ್ತು. "ಎದುರಾಳಿಗಾ?"

"ಅವನ ಹೆಂಡತಿ ಬಸುರಿ ಕಣೋ. ಸೋಲೋನು ಮರ್ಯಾದೆಯಾಗಿ ಸೋಲಲಿ. ತೊಂಬತ್ತೊಂದಕ್ಕೆ ಎಂಬತ್ತನಾಲ್ಕು, ನೋಡೋಕೂ ಚೆನ್ನಾಗಿರುತ್ತೆ."

ಎರಡು ದಿನದ ದುಡಿಮೆ ಕೊಟ್ಟಳು. ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಐನೂರೂ ಬಂದು ಬಿದ್ದವು. ಇಷ್ಟು ಬೇಗ ಸರಕು ತಲುಪಿದ್ದನ್ನು ನಾನು ನನ್ನ ವ್ಯಾಪಾರದಲ್ಲಿ ಕಂಡಿಲ್ಲ. ಸಂಜೆ ನನ್ನ ಫೋನಿನಲ್ಲಿ ಆ ಹೆಸರುಗಳನ್ನು ಒಂದೊಂದಾಗಿ ನೋಡಿದೆವು. ಮುಖವೇ ಇಲ್ಲದವರು ಕೆಲವರು, ಒಂದೇ ಕಾರಿನ ಮುಂದೆ ನಿಂತವರು ಕೆಲವರು, ಹೆಸರಿನ ಜಾಗದಲ್ಲಿ ಬರೀ ಅಂಕಿ ಇದ್ದವರು ಇನ್ನು ಕೆಲವರು.

"ಇವರಲ್ಲಿ ಒಬ್ಬರ ಕೈಯಲ್ಲಾದ್ರೂ ಒಂದು ಹರಿದ ಚೀಲ ಇದ್ಯಾ ನೋಡಿ ಅಕ್ಕಾ," ಅಂದೆ.

"ಇವರ ಹತ್ರ ಕೈಯೇ ಇಲ್ಲವಂತಲ್ಲ ಸಾಹುಕಾರ್ರೇ." ನಕ್ಕಳು. ನಗು ಪೂರ್ತಿ ಆಗಲಿಲ್ಲ.

ಶನಿವಾರ ಬೆಳಿಗ್ಗೆ ಪೋಸ್ಟ್ ತಾತ ಇಸ್ತ್ರಿ ಶರ್ಟು ಹಾಕಿಕೊಂಡು ಬಂದರು. ರಿಪೇರಿಗೆ ಏನೂ ತಂದಿರಲಿಲ್ಲ. ಬರೀ ಫೋನು ತಂದಿದ್ದರು.

"ನೋಡಮ್ಮ, ನೂರ ಎಪ್ಪತ್ತೆರಡು ಜನ! ನನ್ನ ತಂಗಿಗೆ ಫೋನ್ ಮಾಡಿ ಹೇಳಿದೆ. ಮೋಡಾನ ಮಧ್ಯಕ್ಕೆ ತರಬಾರದು, ಒಂದು ಪಕ್ಕಕ್ಕೆ ತರಬೇಕು ಅಂತ ನನಗೆ ಮೊದಲೇ ಅನ್ನಿಸಿತ್ತು. ಜನಕ್ಕೆ ಗೊತ್ತಾಗುತ್ತೆ, ನೋಡು."

"ಹೌದು ತಾತ, ಚೆನ್ನಾಗಿ ಬಂದಿದೆ," ಅಂದಳು ಜಿಪ್ಪಕ್ಕ. ಸೂಜಿಗೆ ಪೋಣಿಸಲು ಹೊರಟ ದಾರ ಮೂರು ಸಲ ತಪ್ಪಿತು.

ಭಾನುವಾರ ಮಧ್ಯಾಹ್ನ ಕಾರ್ಯದರ್ಶಿ ಮೇಡಂ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಬರೆದ ಕಾಗದ, ಮುಖದಲ್ಲಿ ಇಂಜೆಕ್ಷನ್ ಕೊಡುವ ಮುಂಚಿನ ಭಾವ. ಪಕ್ಕದಿಂದ ಜಿಪ್ಪಕ್ಕನನ್ನೂ ಕರೆದರು. ವಿಷಯ ಸರಳ. ಕಳೆದ ಬೆಕ್ಕಿಗೆ ನೂರ ಹದಿಮೂರು ಜನ ಲೈಕು ಒತ್ತಿ, ಒಬ್ಬರೂ "ಎಲ್ಲಿ ಕಳೆಯಿತು?" ಅಂತ ಕೇಳದೆ ಇದ್ದಾಗ ಅವರಿಗೆ ಅನುಮಾನ ಬಂದಿದೆ. ರಾತ್ರಿ ಪಾಳಿಯಲ್ಲಿ ಚಾರ್ಟು ಓದಿ ಪಳಗಿದ ಕಣ್ಣು. ಒಂದೊಂದು ಹೆಸರನ್ನೂ ನೋಡಿದ್ದಾರೆ. ಒಂದೇ ಥರದ ಹೆಸರುಗಳು, ಒಂದೇ ಗಂಟೆಯಲ್ಲಿ ಬಂದಿದ್ದು, ಬೆಕ್ಕಿನ ಕೆಳಗೂ ಇವೆ, ಜಿಪ್ಪಕ್ಕನ ಕೆಳಗೂ ಇವೆ, ಗಾಜಿನ ಹುಡುಗನ ಕೆಳಗೂ ಇವೆ.

"ಇಬ್ಬರೂ ದುಡ್ಡು ಕೊಟ್ಟು ವೋಟು ಹಾಕಿಸಿದ್ದೀರಿ. ಅವನು ಇಲ್ಲ ಅಂತ ಕಣ್ಣೀರು ಹಾಕಿದ, ನಾನು ನಂಬಲಿಲ್ಲ. ಸಂಜೆ ಸಭೆ ಇದೆ. ಇಬ್ಬರ ಹೆಸರೂ ತೆಗೆದುಹಾಕಿ ಆ ಕೋಣೆಯಲ್ಲಿ ತಂಪು ಪಾನೀಯದ ಯಂತ್ರ ಇಡಿಸ್ತೀನಿ. ಅದಾದ್ರೂ ಸುಳ್ಳು ಹೇಳಲ್ಲ."

ಆಗ ಜಿಪ್ಪಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಕೋಣೆ ಇಬ್ಬರಿಗೂ ಇಲ್ಲ, ಆದರೆ ಮರ್ಯಾದೆ ಅರ್ಧವಾದರೂ ಉಳಿಯುತ್ತಿತ್ತು. ವ್ಯಾಪಾರಿ ಬುದ್ಧಿ ಹಾಗೇ ಹೇಳುತ್ತದೆ. ಕಣ್ಣಲ್ಲೇ ಸನ್ನೆ ಮಾಡಿದೆ. ಆಕೆ ನನ್ನ ಕಡೆ ನೋಡಲೇ ಇಲ್ಲ.

"ಆ ಹುಡುಗ ಏನೂ ಮಾಡಿಲ್ಲ ಮೇಡಂ. ಅವನದ್ದೂ ನಾನೇ ಹಾಕಿಸಿದ್ದು."

"ನೀವಾ? ಅವನಿಗ್ಯಾಕೆ ಹಾಕಿಸ್ತೀರಿ?"

"ಮಿಕ್ಕಿತ್ತು ಮೇಡಂ."

ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಜಿಪ್ಪಕ್ಕ ಎಲ್ಲವನ್ನೂ ಹೇಳಿದಳು. ಐನೂರರ ಕಟ್ಟು, ಅರವತ್ತು, ಬಸುರಿ ಹೆಂಡತಿ, ಬೆಕ್ಕು. ಹೇಳುತ್ತಾ ಹೇಳುತ್ತಾ ಗುಲಾಬಿಯ ಹತ್ತಿರ ಬಂದಾಗ ನಿಂತುಬಿಟ್ಟಳು.

"ಹಾಗಾದ್ರೆ ನನ್ನ ಗುಲಾಬಿಗೆ?" ಕೇಳಿದರು ಮೇಡಂ.

"ಗುಲಾಬಿ ಚೆನ್ನಾಗಿದೆ ಮೇಡಂ."

"ನಾನು ಅದನ್ನ ಕೇಳಲಿಲ್ಲ."

"ನಾನು ಹೇಳ್ತಿರೋದು ಅದೇ. ನನಗೆ ಇಷ್ಟ ಆಯ್ತು. ನನ್ನ ಫೋನಲ್ಲಿ ಆ ಪುಟ ಬರಲ್ಲ, ಅದಕ್ಕೆ ಬೇರೆಯವರ ಕೈಲಿ ಒತ್ತಿಸಿದೆ."

ಮೇಡಂ ಸ್ವಲ್ಪ ಹೊತ್ತು ಕಾಗದವನ್ನು ಮಡಚಿ ಬಿಚ್ಚಿ ಮಾಡಿದರು. ಆಮೇಲೆ ಎದ್ದು, ಆ ಅರವತ್ತು ತೆಗೆದರೆ ನಿಮಗೆ ಉಳಿಯೋದು ಮೂವತ್ತೊಂದೇ, ಕೋಣೆ ಅವನಿಗೇ ಹೋಗುತ್ತೆ ಅಂದರು. ಜಿಪ್ಪಕ್ಕ ತಲೆಯಾಡಿಸಿದಳು. ಬಾಗಿಲ ಹತ್ತಿರ ಹೋದವರು ತಿರುಗಿ, "ಪೋಸ್ಟ್ ತಾತನಿಗೆ ಇದು ಗೊತ್ತಾಗೋದು ಬೇಡ," ಅಂದರು. "ಸಭೆಯಲ್ಲಿ ನಾನೂ ಹೇಳಲ್ಲ."

ಆ ಸಂಜೆ ಕೋಣೆ ಗಾಜಿನ ಹುಡುಗನ ಪಾಲಾಯಿತು.

ಮರುದಿನದಿಂದ ಜಿಪ್ಪಕ್ಕ ಹೊಸ ಕೆಲಸ ಹಿಡಿಯಲಿಲ್ಲ. ಇದ್ದ ಚೀಲಗಳನ್ನು ಮುಗಿಸುತ್ತಾ, ಡಬ್ಬಿಗಳ ಮುಚ್ಚಳಕ್ಕೆ ದಾರ ಕಟ್ಟುತ್ತಾ ಕೂತಳು. ಮೆಷಿನ್ ನೋಡಲು ಒಬ್ಬ ಗುಜರಿಯವನು ಬಂದು ಹೋದ. ಕಬ್ಬಿಣದ ತೂಕಕ್ಕೆ ಕೇಳಿದನಂತೆ. ಆ ದಿನ ಆಕೆ ಯಾರನ್ನೂ ಗೇಲಿ ಮಾಡಲಿಲ್ಲ. ಗಿರಾಕಿಗಳು ಹುಷಾರಿಲ್ಲವೇನೋ ಅಂದುಕೊಂಡರು.

ಬುಧವಾರ ಗಾಜಿನ ಹುಡುಗ ಬಂದು ನಿಂತ. ಎಲ್ಲಿಂದ ಶುರುಮಾಡಬೇಕೋ ಗೊತ್ತಾಗದೆ ನನ್ನ ಅಂಗಡಿಯ ಒಂದು ಪರ್ಸನ್ನು ತಿರುಗಿಸಿ ತಿರುಗಿಸಿ ನೋಡಿದ.

"ತಗೊಳ್ಳಲ್ಲ ಅಂದ್ರೆ ಕೆಳಗಿಡಪ್ಪ," ಅಂದೆ.

"ಅಕ್ಕಾ," ಅಂದ ಕೊನೆಗೆ, "ಮೇಡಂ ಎಲ್ಲಾ ಹೇಳಿದ್ರು. ಕೋಣೆಯಲ್ಲಿ ಮೆಷಿನ್ ಇಟ್ಟುಕೊಳ್ಳಿ ಅಂತ ಹೇಳೋಣ ಅಂದ್ರೆ, ನಂದು ಭೂತಗನ್ನಡಿ ಕೆಳಗಿನ ಕೆಲಸ. ಮೇಜು ಕೂದಲೆಳೆಯಷ್ಟು ಅಲುಗಿದ್ರೂ ಕೆಡುತ್ತೆ. ಆದ್ರೆ ಚೀಲ ತಗೊಂಡು ಇಡಬಹುದು. ಜನ ಗೇಟಲ್ಲೇ ನನ್ನ ಹತ್ರ ಕೊಟ್ಟು ಹೋಗಲಿ, ನೀವು ಹೊಲಿದು ತಂದಿಡಿ. ಒಂದು ಗೋಡೆ ಪೂರ್ತಿ ನಿಮಗೇ."

"ಹೊಲಿಯೋದು ಎಲ್ಲಿ? ಆಕಾಶದಲ್ಲಾ?"

ಇಬ್ಬರೂ ನನ್ನ ಕಡೆ ನೋಡಿದರು. ನನ್ನ ಅಂಗಡಿಯ ಹಿಂದೆ ಒಂದು ಗೋದಾಮಿದೆ. ನೆಲಮಹಡಿ, ಕೆಳಗೆ ಯಾರೂ ಇಲ್ಲ. ಅದರಲ್ಲಿ ಮೂರು ವರ್ಷದಿಂದ ಮಾರಾಟವಾಗದ ಹಳದಿ ಸೂಟ್‌ಕೇಸುಗಳಿವೆ. ನಾನು ದಾನಿಯಲ್ಲ, ಲೆಕ್ಕ ಹಾಕಿಯೇ ನೋಡಿದೆ. ಈಕೆ ಹೋದರೆ, ನಾನು ಮಾರಿದ ಚೀಲದ ಜಿಪ್ಪು ಕಿತ್ತುಬಂದಾಗ ಜನ ಪಕ್ಕಕ್ಕೆ ಹೋಗುವ ಬದಲು ನನ್ನ ಕುತ್ತಿಗೆಗೆ ಬರುತ್ತಾರೆ. ಹದಿನೇಳು ವರ್ಷದಿಂದ ನನ್ನ ಸರಕಿನ ಮಾನ ಉಳಿಸಿದ್ದು ಯಾರು ಅಂತ ಆವತ್ತು ಮೊದಲ ಸಲ ಯೋಚಿಸಿದೆ. ಇದನ್ನು ಆಕೆಯ ಮುಂದೆ ಹೇಳಲಿಲ್ಲ, ಹೇಳಿದ್ದರೆ ಮಜೂರಿ ಏರಿಸುತ್ತಿದ್ದಳು. "ಅರ್ಧ ಜಾಗ ಬಿಟ್ಟುಕೊಡ್ತೀನಿ, ಬಾಡಿಗೆ ಉಂಟು" ಅಂದೆ.

ತಿಂಗಳ ಕೊನೆಯ ದಿನ ನಾಲ್ವರು ಮೆಷಿನ್ ಎತ್ತಿದೆವು. ಗಾಜಿನ ಹುಡುಗ, ಮೈದುನ, ನಾನು, ಮತ್ತೆ ಅಪರೂಪಕ್ಕೆ ಊರಲ್ಲಿದ್ದ ಆಕೆಯ ಗಂಡ. ಅವರು ಬಾಗಿಲ ಹತ್ತಿರ, "ಎಡಕ್ಕೆ" ಅಂದರು. ಅವರ ಬಾಯಲ್ಲಿ ಹೊಸ ಮಾತೊಂದು ಕೇಳಿ ಜಿಪ್ಪಕ್ಕನಿಗೆ ಅಷ್ಟರಲ್ಲೂ ನಗು ಬಂತು. ಮೆಷಿನ್ ಇಳಿಸಿ ನಾವು ಬೆನ್ನು ಹಿಡಿದುಕೊಂಡು ನಿಂತಿದ್ದರೆ ಆಕೆ ಕಿಟಕಿ, ಬಲ್ಬು, ಗೋಡೆ ಎಲ್ಲವನ್ನೂ ನೋಡುತ್ತಾ ಬಂದು ಹಳದಿ ಸೂಟ್‌ಕೇಸುಗಳ ರಾಶಿಯ ಮುಂದೆ ನಿಂತಳು.

"ಇವು ಬೆಳಕಿಗೆ ಅಡ್ಡ ಸಾಹುಕಾರ್ರೇ. ತೆಗೀರಿ."

"ಎಲ್ಲಿಗೆ ತೆಗೀಲಿ ಅಕ್ಕಾ?"

"ಅದು ನಿಮ್ಮ ವ್ಯಾಪಾರ. ಹಾಂ, ತೆಗೆಯೋ ಮುಂಚೆ ಇವಕ್ಕೆಲ್ಲ ಒಂದೇ ಅಳತೆ ರನ್ನರ್ರಾ ನೋಡಿ ಹೇಳಿ."

ತೋಳು ಮೇಲಕ್ಕೆ ಮಡಚಿ ಮೊದಲನೇ ಸೂಟ್‌ಕೇಸು ಎತ್ತಿದೆ.