ಮಾಳಪ್ಪ ಕಾಕಾನ ಕೂಗು

ಕುಳಗೇರಿ ಕ್ರಾಸಿನಲ್ಲಿ ಬಸ್ಸು ಹತ್ತಿದ ಕುರುಬಜ್ಜ ತೊಯ್ದ ಕಂಬಳಿ ಸಮೇತ ನನ್ನ ಪಕ್ಕದಲ್ಲೇ ಕೂತ. ಸುತ್ತಲಿನವರೆಲ್ಲ ಮೂಗು ಮುಚ್ಚಿಕೊಂಡರೆ ನಾನೊಬ್ಬ ಮಾತ್ರ ಆಸೆಯಿಂದ ಉಸಿರೆಳೆದುಕೊಳ್ಳುತ್ತಿದ್ದೆ. ನಗಬೇಡಿ, ನನಗದು ಮಾಳಪ್ಪ ಕಾಕಾನ ವಾಸನೆ.

ಕಾಕಾ ನಮ್ಮ ರಕ್ತಸಂಬಂಧಿಯೇನಲ್ಲ. ಮಹಾರಾಷ್ಟ್ರದ ಜತ್ತದ ಕಡೆಯಿಂದ ಕುರಿ ಹೊಡೆದುಕೊಂಡು ಬಂದವನು, ಗೊಬ್ಬರಕ್ಕೆಂದು ಕೆರೂರಿನ ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿ, ಅಲ್ಲೇ ಬೇರುಬಿಟ್ಟ. ಮಾತಿನಲ್ಲಿ ಅರ್ಧ ಮರಾಠಿ. ಕುರಿ ಮೇಯುವ ಗುಡ್ಡಕ್ಕೆ ಸರ್ಕಾರ ಬೇಲಿ ಹಾಕಿದಾಗ ಅವನು ಅರ್ಜಿಗಿರ್ಜಿ ಕೊಡಲಿಲ್ಲ. ಇಡೀ ಮಂದೆಯನ್ನು ಅರಣ್ಯ ಕಚೇರಿಯ ಅಂಗಳಕ್ಕೇ ಹೊಡೆದ.

"ಎಲ್ಲಿ ಮೇಯಸ್ಲಿ ಇವನ್ನ, ನೀವ ಹೇಳ್ರಿ ಸಾಹೇಬ್ರ."

ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಕುರಿಗಳು ಅಂಗಳದ ಹೂಗಿಡಗಳನ್ನೆಲ್ಲ ಮುಗಿಸಿದ್ದವು. ಬೇಲಿ ಹೋಯಿತು. ಮುಂದಿನ ಚುನಾವಣೆಯಲ್ಲಿ ಜನ ಅವನನ್ನು ವಿಧಾನಸಭೆಗೇ ಕಳಿಸಿಬಿಟ್ಟರು. ಅವನಿಗಾಗಿ ಗೋಡೆ ಬರೆದವರಲ್ಲಿ ನಾನೂ ಒಬ್ಬ. ಅರ್ಧ ಬಣ್ಣ ನನ್ನ ಅಂಗಿಗೇ ಆಗಿತ್ತು.

"ಐದ ವರ್ಷ ಅಷ್ಟ. ಆಮ್ಯಾಲೆ ನಾ ಕುರಿ ಕಾಯಾಕ ಬರ್ತೇನಿ," ಎಂದು ಹೆಂಡತಿ ಕಾಳವ್ವ ಕಾಕಿಗೆ ಮಾತು ಕೊಟ್ಟಿದ್ದ. ಎರಡನೇ ಸಲವೂ ನಿಂತ, ಗೆದ್ದ. ಕಾಕಿ ಜಗಳವಾಡಲಿಲ್ಲ. ಮಂದೆಯನ್ನು ತನ್ನ ಅಣ್ಣನ ಜೊತೆ ಜತ್ತಕ್ಕೆ ಕಳಿಸಿಬಿಟ್ಟಳು.

ಸುದ್ದಿ ತಿಳಿದ ಸಂಜೆ ಕಾಕಾ ಹೊಲಕ್ಕೆ ಬಂದ. ಕಾರುಗಳು ರಸ್ತೆಯಲ್ಲೇ ನಿಂತವು. ಬರಿಹೊಲದ ನಡುವೆ ಬಿಳಿ ಅಂಗಿಯಲ್ಲಿ ನಿಂತು, ಬಾಯಿಗೆ ಕೈ ಹಚ್ಚಿ, ಕುರಿ ಕರೆಯುವ ಆ ಹಳೆಯ ಕೂಗು ಹಾಕಿದ. ರಸ್ತೆಯಲ್ಲಿದ್ದ ಅವನ ಪಕ್ಷದವರೆಲ್ಲ ದಡಬಡನೆ ಓಡಿಬಂದು ಸುತ್ತ ನಿಂತರು.

"ಕರದ್ರೇನ್ರಿ, ಸಾಹೇಬ್ರ?"

"ನಿಮ್ಮನ್ನಲ್ಲಪಾ," ಅಂದ ಕಾಕಾ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬಸ್ಸಿನಲ್ಲಿ ಪಕ್ಕದ ಅಜ್ಜನನ್ನು ಮಾತಿಗೆಳೆದೆ. ಜತ್ತದವನಂತೆ, ಮಂದೆ ಕೆರೂರಿನ ಹತ್ತಿರವೇ ಇದೆಯಂತೆ. ಕೆರೂರಿನಲ್ಲಿ ಅವನು ಇಳಿದುಹೋದ. ನಾನೂ ಅಲ್ಲೇ ಇಳಿಯಬೇಕಿತ್ತು, ಇಳಿಯಲಿಲ್ಲ. ಬಾಗಲಕೋಟೆಗೆ ಟಿಕೀಟು ತೆಗೆಸಿದೆ. ಅಧಿಕಾರ ಹೋಗಿ ಎಷ್ಟೋ ಕಾಲವಾದರೂ ಕಾಕಾ ಕಾಕಿ ಶಾಸಕನಾದಾಗ ಹಿಡಿದ ಅಲ್ಲಿನ ನವನಗರದ ಮನೆಯಲ್ಲೇ ಇದ್ದಾರೆ. ತಡೆಯಲಾಗದೆ ಬಸ್ಸಿನಿಂದಲೇ ಫೋನು ಮಾಡಿದೆ.

"ಕಾಕಾ, ನಿಮ್ಮ ಜತ್ತದ ಸೀಮಿ ಕುರಿ ಕೆರೂರಿಗೆ ಬಂದಾವು. ನಿಮ್ಮನ್ನ ಕರಕೊಂಡ ಹೋಗಾಕ ಬರಾಕತ್ತೇನಿ."

"ಬರ್ತೇನಿ," ಅಂದ ಕಾಕಾ. "ಆದ್ರ ಕುರಿ ಕರಿಯೋ ಕೂಗು ಹಾಕು ಅನಬ್ಯಾಡ, ತಮ್ಮಾ. ದೂರ ನಿಂತು ನೋಡ್ತೇನಿ."