ಐಲಾ ಗಾಡಿಯ ಮೂತಿ ಇಳಿಸಿದ್ದು

ಉತ್ತರದ ಹಿಮನಾಡಿನ ಪೆಲ್ಲೊ ಕಡೆಯ ನಮ್ಮ ಹಳ್ಳಿಯಲ್ಲಿ ಐಲಾ ಶಾಲೆಯ ಅಡುಗೆಯವಳಾಗಿದ್ದಳು. ಕುಳ್ಳಿ, ದೊಡ್ಡ ಪಾತ್ರೆಯ ಸೂಪು ಕಲಕಲು ಮರದ ಪೆಟ್ಟಿಗೆ ಹತ್ತಿ ನಿಲ್ಲುತ್ತಿದ್ದಳು. ಗಂಡ ತೌನೊ ಬಾಗಿಲು ದಾಟುವಾಗೆಲ್ಲ ತಲೆ ಬಗ್ಗಿಸಬೇಕಾದಷ್ಟು ಉದ್ದ. ಚಳಿಗಾಲದಲ್ಲಿ ಇಬ್ಬರೂ ಹೆಪ್ಪುಗಟ್ಟಿದ ಕೆರೆಗೆ ಹೋಗಿ ಮಂಜುಗಡ್ಡೆಯಡಿ ಬಲೆ ಬಿಡುತ್ತಿದ್ದರು. ಹಿಮದ ಮೇಲೆ ಓಡುವ ಗಾಡಿ ಸ್ನೋಮೊಬೈಲ್ ಓಡಿಸುವವನು ತೌನೊ, ಹಿಂದೆ ಕೂರುವವಳು ಐಲಾ. ಮದುವೆಯಾದಾಗಿನಿಂದ ಅವಳು ಕಂಡ ಕೆರೆಯೆಂದರೆ ಬಹುಪಾಲು ಅವನ ಬೆನ್ನೇ.

ತೌನೊನ ಮಂಡಿಗೆ ಆಪರೇಷನ್ ಆಯಿತು. ಗಾಡಿ ಓಡಿಸುವ ಹಾಗಿಲ್ಲ, ಬೇಕಿದ್ದರೆ ಹಿಂದೆ ಕೂತು ಹೋಗಲಿ ಎಂದರು ಡಾಕ್ಟರು. ಬಲೆ ನೀರಿನಲ್ಲೇ ಇತ್ತು. ಐಲಾ ಹ್ಯಾಂಡಲ್ ಹಿಡಿದಳು. ಕೆರೆಗಿಳಿಯುವ ತಿರುವಿನಲ್ಲಿ ಗಾಡಿ ಮಗುಚಿಕೊಂಡಿತು.

ಹಿಮದಲ್ಲಿ ಅಂಗಾತ ಬಿದ್ದಿದ್ದ ತೌನೊ, "ತಿರುವಲ್ಲಿ ಒಳಗಡೆಗೆ ವಾಲ್ಬೇಕಿತ್ತು" ಎಂದ.

"ನಾನು ಒಳಗಡೇಗೇ ವಾಲ್ದೆ. ಗಾಡಿ ಹೊರಗಡೆಗೆ ವಾಲ್ತು."

ಮುಂದಿನ ಸಲವೂ ಅದೇ ತಿರುವು, ಅದೇ ಹಿಮ. ಬರುವಾಗ ಬಿದ್ದದ್ದರಿಂದ ಮೀನೂ ಚೆಲ್ಲಿಹೋಯಿತು. ಅಷ್ಟು ಎತ್ತರದ ಮೂತಿಯ ಗಾಡಿಯನ್ನು ಮೈಭಾರದಿಂದ ಹಿಡಿದಿಡಲು ಐಲಾಳ ಮೈಯಲ್ಲಿ ಭಾರವೇ ಇರಲಿಲ್ಲ.

ನಾನು ಅವರ ಪಕ್ಕದ ಮನೆಯವನು. ನನ್ನ ಶೆಡ್ಡಿನಲ್ಲಿ ಒಲೆಯಿದೆ, ಹಾಗಾಗಿ ಊರಿನ ಗಾಡಿಗಳೆಲ್ಲ ರಿಪೇರಿಗೆ ಅಲ್ಲಿಗೇ ಬರುತ್ತವೆ. ಐಲಾ ಬಂದು, ಮುಂದಿನ ಭಾಗ ಇಳಿಸಲು ಆಗುತ್ತದೆಯೇ ಎಂದು ಕೇಳಿದಳು. ಆಗುತ್ತದೆ ಎಂದೆ. ಮುಂದೆ ಚಕ್ರದ ಬದಲಿರುವ ಎರಡೂ ಸ್ಕೀಗಳ ಮೇಲಿನ ಶಾಕ್ ಅಬ್ಸಾರ್ಬರ್ ತೆಗೆದು ಗಿಡ್ಡನೆಯವು ಹಾಕಿದರೆ ಮೂತಿ ತಗ್ಗುತ್ತದೆ, ತಿರುವಿನಲ್ಲಿ ಗಾಡಿ ನೆಲ ಕಚ್ಚಿ ಹೋಗುತ್ತದೆ. ಆದರೆ ಮೆತ್ತನೆಯ ಹಿಮದಲ್ಲಿ ಹೊಟ್ಟೆ ತಾಗುತ್ತದೆ, ಹ್ಯಾಂಡಲ್ ಭಾರವಾಗುತ್ತದೆ ಎಂದೂ ಹೇಳಿದೆ. ತಾನು ಹೋಗುವುದು ಬಲೆಯವರೆಗೆ, ಕಾಡಿಗಲ್ಲ ಎಂದಳು.

ತೌನೊ ಒಪ್ಪಲಿಲ್ಲ. ಕಾಡಿನಿಂದ ಬೇಟೆಯ ದೊಡ್ಡ ಜಿಂಕೆ ಎಳೆದು ತರಲೆಂದೇ ಆರಿಸಿ ತಂದ ಗಾಡಿ ಅದು. ಹಲವು ದಿನ ಅವನು ಹೆಂಡತಿಯ ಜೊತೆ ಮಾತಾಡಲಿಲ್ಲ. ಮೊದಲೂ ಹೆಚ್ಚು ಮಾತಾಡುತ್ತಿರಲಿಲ್ಲವಾದ್ದರಿಂದ ಐಲಾಳಿಗೆ ಅದು ತಡವಾಗಿ ಗೊತ್ತಾಯಿತು. ಕಾಫಿ ಬಗ್ಗಿಸುತ್ತಾ ಏನು ಸಮಾಚಾರ ಎಂದು ಕೇಳಿದಳು.

"ಈಗ ಇಳಿಸ್ಬಿಟ್ರೆ, ನಾನು ಮತ್ತೆ ಓಡಿಸೋವಾಗ?" ಎಂದ ತೌನೊ.

ಐಲಾ ಕೆಟಲನ್ನು ಒಲೆಯ ಮೇಲಿಟ್ಟಳು. ಗಾಡಿಯ ಮಾತಲ್ಲ ಇದು, ಮಂಡಿಯ ಮಾತು ಎಂದು ಅವಳಿಗೆ ಆಗ ಹೊಳೆಯಿತಂತೆ.

"ಬಿಚ್ಚಿದ್ದನ್ನ ಯಾರೂ ಬಿಸಾಕಲ್ಲ. ನಿನ್ನ ಮಂಡಿ ಸರಿಹೋಗ್ಲಿ, ವಾಪಸ್ ಹಾಕೋಣ. ಅಲ್ಲೀವರ್ಗೂ ನಂಗೂ ಬೀಳೋದು ಬೇಡ, ನಿಂಗೂ ಬೀಳೋದು ಬೇಡ."

ಅವನು ಕಾಫಿ ಕುಡಿದು, ನನ್ನ ಶೆಡ್ಡಿಗೆ ಬರಲು ಕೋಟು ಹಾಕಿಕೊಂಡ.

ಹಳೆಯ ಗಾಡಿಯೊಂದರ ಗಿಡ್ಡ ಶಾಕ್ ನನ್ನಲ್ಲಿತ್ತು. ಗಾಡಿಯ ಮುಂಭಾಗವನ್ನು ಜಾಕಿಯಿಂದ ಮೇಲೆತ್ತಿದೆವು. ತೌನೊ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು, ನಾವು ಮಾಡುತ್ತಿರುವುದೆಲ್ಲ ತಪ್ಪು ಎಂದು ತಿಳಿಸುತ್ತಿದ್ದ. ಎಡಗಡೆಯ ಕೆಳಗಿನ ಬೋಲ್ಟು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟೆ, ಸುತ್ತಿಗೆಯಲ್ಲಿ ತಟ್ಟಿದೆ. ಐಲಾ ಸ್ಪ್ಯಾನರಿಗೆ ಜೋತುಬಿದ್ದಳು. ಕೊನೆಗೆ ತೌನೊ ಕುಂಟುತ್ತಾ ಬಂದು ಅವಳನ್ನು ಪಕ್ಕಕ್ಕೆ ಸರಿಸಿ ಆ ಉದ್ದನೆಯ ತೋಳಿನಿಂದ ಒತ್ತಿದ. ಬೋಲ್ಟು ಕಿರ್ರೆಂದು ಬಿಟ್ಟಿತು. ಬಲಗಡೆಯದನ್ನು ಅವನು ಯಾರಿಗೂ ಮುಟ್ಟಲು ಬಿಡಲಿಲ್ಲ. ಗಿಡ್ಡನೆಯವನ್ನು ಕೂರಿಸಿ, ಸ್ಕೀಗಳು ನೇರ ಇವೆಯೇ ಎಂದು ಮರದ ಪಟ್ಟಿ ಹಿಡಿದು ನೋಡಿದವನೂ ಅವನೇ.

ಬೆಳಿಗ್ಗೆ ಇಬ್ಬರೂ ಕೆರೆಗೆ ಹೊರಟರು. ತಿರುವಿನಲ್ಲಿ ಗಾಡಿ ಮಗುಚಲಿಲ್ಲ. ಆ ಖುಷಿಗೆ ಐಲಾ ದಾರಿ ಬಿಟ್ಟು ದಡದ ಮೆತ್ತನೆಯ ಹಿಮಕ್ಕೆ ನುಗ್ಗಿಸಿದಳು. ಗಾಡಿ ಹೊಟ್ಟೆಯ ಮೇಲೆ ಕೂತುಬಿಟ್ಟಿತು. ಅವಳು ಸಲಿಕೆ ಹಿಡಿದು ತೋಡಿದಷ್ಟು ಹೊತ್ತೂ ತೌನೊ ಸೀಟಿನಿಂದ ಇಳಿಯದೆ ಕೂತಿದ್ದ. ಅವನು ಅಷ್ಟು ಸಂತೋಷದಿಂದ ಇದ್ದದ್ದನ್ನು ಆಪರೇಷನ್ ಆದಮೇಲೆ ತಾನು ನೋಡಿಯೇ ಇರಲಿಲ್ಲ ಎಂದು ಐಲಾ ಆಮೇಲೆ ನನಗೆ ಹೇಳಿದಳು.

ಮರುವರ್ಷ ಡಾಕ್ಟರು ಓಡಿಸಬಹುದು ಎಂದರು. ತೌನೊ ಮೂತಿ ಇಳಿಸಿದ ಆ ಗಾಡಿಯಲ್ಲೇ ಅಂಗಳದಲ್ಲಿ ಒಂದು ಸುತ್ತು ಹಾಕಿ, ಹ್ಯಾಂಡಲ್ ಭಾರ ಎಂದು ಇಳಿದು, ಹಿಂದಿನ ಸೀಟಿಗೆ ಹೋಗಿ ಕೂತ. ಐಲಾ ಮುಂದೆ ಹತ್ತಿ ಹ್ಯಾಂಡಲ್ ಹಿಡಿದಳು. ಈಗ ಎಡಕ್ಕೆ ಹೋಗಬೇಕಾದರೆ ಅವನು ಅವಳ ಎಡಭುಜ ತಟ್ಟುತ್ತಾನೆ, ಬಲಕ್ಕಾದರೆ ಬಲಭುಜ. ಅವಳು ತನಗೆ ತೋಚಿದ ಕಡೆಗೇ ಹೋಗುತ್ತಾಳೆ.